ಐದು ಅಮಾವಾಸ್ಯೆಯ ಆಯಿಲ್

ಮತ್ತೋಡಿನ ಶಿವಕುಮಾರಪ್ಪನವರು ಜಿಪುಣರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಅವರನ್ನು ಬಾಯಿಗೆ ಬಂದಂತೆ ಅನ್ನುತ್ತಾರೆ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಮನುಷ್ಯನಲ್ಲ. ಮಠದ ದಾಸೋಹಕ್ಕೆ ವರ್ಷಕ್ಕೆರಡು ಚೀಲ ರಾಗಿ ಕೊಡುವುದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಆದರೆ ಗಾಡಿಯ ಆಯಿಲ್ ಬದಲಾಯಿಸಿದ್ದಕ್ಕೆ ಗ್ಯಾರೇಜಿನವನ ಕೈಗೆ ಸಾವಿರದ ಮುನ್ನೂರು ರೂಪಾಯಿ ಇಡಬೇಕೆಂದರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. "ನನ್ನ ಕೈಯಾಗೆ ಸ್ಪಾನರ್ ಇರೋವಾಗ ಯಾವನಿಗೋ ಯಾಕೆ ಕೊಡ್ಲಿ?" ಅನ್ನುತ್ತಿದ್ದರು. ನ್ಯಾಯವಾದ ಮಾತೇ.

ನಿವೃತ್ತಿಯಾದಾಗ ಬಂದ ಹಣದಲ್ಲಿ ಅವರು ಒಂದು ಹಳೆಯ ಓಮ್ನಿ ಕೊಂಡರು. ಮಗ ದಯಾನಂದ ಅದರಲ್ಲಿ ಸುತ್ತಲಿನ ಮಕ್ಕಳನ್ನು ಹೊಸದುರ್ಗದ ಸ್ಕೂಲಿಗೆ ಬಿಟ್ಟು ಕರೆತರಲಿ ಎಂದು ಯೋಚನೆ. ದಯಾನಂದ ಎರಡನೇ ದಿನವೇ ಪಂಚಾಯಿತಿ ಆಫೀಸಿನ ಕಾಂಪೌಂಡಿಗೆ ಗುದ್ದಿದ. ಮೂರನೇ ದಿನ ಹೊಸದುರ್ಗದ ಗೊಬ್ಬರದ ಅಂಗಡಿಗೆ, ತನ್ನ ಹಳೆಯ ಕೆಲಸಕ್ಕೇ ಬಸ್ಸು ಹತ್ತಿದ. ಆಗ ಶಿವಕುಮಾರಪ್ಪನವರು ಸೊಸೆ ರಮ್ಯಾಳನ್ನು ಕರೆದು ಸ್ಟೇರಿಂಗಿನ ಮುಂದೆ ಕೂರಿಸಿದರು. ಊರು ನಕ್ಕಿತು. "ನಗ್ಲಿ ಬಿಡು. ಗಾಡಿಗೆ ಸೀರೆ ಯಾವುದು, ಪಂಚೆ ಯಾವುದು ಗೊತ್ತಾಗ್ತೈತಾ?" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಮಾರಿಕಣಿವೆ ಕಡೆಯ ಹುಡುಗಿ ರಮ್ಯಾ. ಮದುವೆಯಾಗಿ ಬಂದು ಏಳು ವರ್ಷ ಆ ಮನೆಯ ಹೊಸ್ತಿಲು ದಾಟಲು ಕಾರಣ ಹುಡುಕಿದವಳು. ಒಂದೂವರೆ ತಿಂಗಳಿಗೆ ಗೇರು ಕಲಿತಳು, ಮೂರನೇ ತಿಂಗಳಿಗೆ ಲೈಸೆನ್ಸ್ ತಂದಳು. ಬೆಳಿಗ್ಗೆ ಏಳೂಮುಕ್ಕಾಲಿಗೆ ಹಾರ್ನ್ ಹೊಡೆದರೆ ಹನ್ನೊಂದು ಮಕ್ಕಳು ಓಡಿ ಬರುತ್ತಿದ್ದವು, ಮುಂದಿನ ಸೀಟಿನಲ್ಲಿ ಅವಳದೇ ಮಗಳು ಶಿವಗಂಗಾ, ಆಗಿನ್ನೂ ಒಂದನೇ ಕ್ಲಾಸು. ತಿಂಗಳ ಫೀಸು ಮಾವನ ಕೈಗೆ, ಪೆಟ್ರೋಲಿಗೆ ಮಾವನ ಕೈಯಿಂದ. ಅದಕ್ಕೇನೂ ರಮ್ಯಾಳ ತಕರಾರಿರಲಿಲ್ಲ. ಆ ಗಾಡಿಯಲ್ಲಿ ಕೂತಾಗ "ಎಲ್ಲಿಗೆ ಹೊಂಟೆ?" ಎಂದು ಕೇಳುವವರಿರಲಿಲ್ಲ, ಅಷ್ಟು ಸಾಕಿತ್ತು.

ಇನ್ನು ಆಯಿಲ್ ವಿಚಾರ. ಶಿವಕುಮಾರಪ್ಪನವರದ್ದು ಮೂರು ಕಟ್ಟಳೆ. ಒಂದು, ಚಿತ್ರದುರ್ಗದ ಲಾರಿ ಸ್ಪೇರ್ ಅಂಗಡಿಯಿಂದ ಇಪ್ಪತ್ತು ಲೀಟರಿನ ಬಕೆಟ್ ತರುವುದು. ಸಣ್ಣ ಡಬ್ಬಿಯ ಅರ್ಧ ಬೆಲೆಗೆ ಲೀಟರ್ ಬೀಳುತ್ತದೆ. ಎರಡು, ಫಿಲ್ಟರ್ ಎಸೆಯಬಾರದು. ಡೀಸೆಲ್ ಹುಯ್ದು ಗಡಗಡ ಅಲ್ಲಾಡಿಸಿ, ಬಗ್ಗಿಸಿ, ಬಿಸಿಲಿಗಿಟ್ಟು ಮತ್ತೆ ಹಾಕಬೇಕು. ಹಳೆಯ ಕಾಲದ ಬಸ್ಸುಗಳಲ್ಲಿ ಹಾಗೆ ಮಾಡುತ್ತಿದ್ದರಂತೆ. ಅವರ ಹೆಂಡತಿ ವೀರಮ್ಮ ಮಾಳಿಗೆ ಮೇಲೆ ಸಂಡಿಗೆ ಹರಡಿದ ಪ್ಲಾಸ್ಟಿಕ್ಕಿನ ಮೂಲೆಯಲ್ಲೇ ಆ ಕಪ್ಪು ಡಬ್ಬಿಯೂ ಒಣಗುತ್ತಿತ್ತು. "ರೀ, ಸಂಡಿಗೆ ಡೀಸೆಲ್ ನಾತ ಹೊಡೀತವೆ" ಎಂದು ವೀರಮ್ಮ ಕೂಗಿದರೆ, "ಕರಿದ್ಮ್ಯಾಲೆ ಹೋಗ್ತೈತೆ" ಎಂಬ ಉತ್ತರ. ಮೂರನೆಯದು, ಆಯಿಲ್ ಬದಲಾಯಿಸುವುದು ಕಿಲೋಮೀಟರ್ ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ ದಿನ ಹೇಗೂ ಗಾಡಿ ತೊಳೆದು ನಿಂಬೆಹಣ್ಣು ಕಟ್ಟಿ ಪೂಜೆ ಮಾಡುತ್ತಾರೆ. ಮೂರು ಅಮಾವಾಸ್ಯೆಗೊಮ್ಮೆ ಅದೇ ಕೈಯಲ್ಲಿ ಆಯಿಲ್ಲೂ ಆಗಿಬಿಡಬೇಕು.

ಮೊದಲ ವರ್ಷದಲ್ಲಿ ಒಂದು ಸಲ ಕ್ಲಚ್ ಕೇಬಲ್ ಹೊಸದುರ್ಗದಲ್ಲೇ ಕಿತ್ತುಕೊಂಡಿತು. ಮಕ್ಕಳು ಬಿಸಿಲಲ್ಲಿ ನಿಂತಿದ್ದವು. ರಮ್ಯಾ ಪಕ್ಕದ ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬಂದಳು. ಶಿವಕುಮಾರಪ್ಪನವರು ಬಗ್ಗಿ ನೋಡಿದರು, "ಬ್ಯಾರೆಯವರ ಕೈ ಬಿದ್ದೈತೆ" ಎಂದರು, ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿಬಿಟ್ಟರು. ಹನ್ನೆರಡು ದಿನ. ಜಗಳವಿಲ್ಲ, ಬೈಗುಳವಿಲ್ಲ, ಸುಮ್ಮನೆ ಗಾಡಿ ಇಲ್ಲ. ರಮ್ಯಾ ನೀರು ಸೇದಿದಳು, ಸಗಣಿ ಬಳಿದಳು, ಮುದ್ದೆ ತಿರುವಿದಳು. ಏಳೂಮುಕ್ಕಾಲಿಗೆ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು, ಅಲ್ಲಿಂದ ವಾಪಸ್ ಬರುತ್ತಿತ್ತು. ಹದಿಮೂರನೇ ದಿನ ಮಾವ ಗಾಡಿ ಕೊಟ್ಟಾಗ ಅವಳಿಗೆ ಅಳು ಬಂತು. ಇನ್ನೊಂದು ಸಲ ಹೀಗಾದರೆ ತಾನು ಬದುಕುವುದಿಲ್ಲ ಅನ್ನಿಸಿತು.

ಅದಾದ ಸ್ವಲ್ಪ ದಿನಕ್ಕೇ, ದಿಬ್ಬ ಹತ್ತುವಾಗ ಮೀಟರಿನ ಪಕ್ಕದ ಕೆಂಪು ದೀಪ ಮಿಣಕ್ ಅಂದಿತು.

"ಅದು ಹಂಗೇ ಹತ್ತುತ್ತೆ. ವೈರ್ ಲೂಸ್ ಇರ್ತೈತೆ," ಎಂದರು ಮಾವ.

ರಮ್ಯಾ ತಲೆಯಾಡಿಸಿದಳು. ಮಾರನೆಯ ದಿನ ಮಕ್ಕಳನ್ನು ಬಿಟ್ಟವಳು, ಹೊಸದುರ್ಗದ ಹೊರಗೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದ ಮಾರುತೇಶನ ಮುಂದೆ ಗಾಡಿ ನಿಲ್ಲಿಸಿದಳು. ಮಾರುತೇಶ ಫಿಲ್ಟರ್ ಬಿಚ್ಚಿ ಮೂಗಿಗೆ ಹಿಡಿದ.

"ಅಕ್ಕಾ, ಇದನ್ನ ಯಾರು ತೊಳ್ದಿದ್ದು?"

"ನಮ್ಮ ಮಾವ."

"ಇದರೊಳಗಿರೋದು ಕಾಗದ ಅಕ್ಕಾ. ತೊಳೆದ್ರೆ ಮುದ್ದೆ ಆಗ್ತೈತೆ. ಹಿಂಗೇ ಓಡಿಸಿದ್ರೆ ಇಂಜಿನ್ನು ಒಂದಿನ ಕಚ್ಚಿಕೊಂಡು ನಿಲ್ತೈತೆ ನೋಡ್ರಿ. ಒಳಗೆ ಅಷ್ಟು ಮಕ್ಕಳು ಕುಂತಿರ್ತಾರೆ."

"ಹೊಸದು ಹಾಕು. ಆದ್ರೆ ಹೊಸದು ಅಂತ ಕಾಣಬಾರದು."

ಮಾರುತೇಶ ಅವಳ ಮುಖ ನೋಡಿದ. ಹೊಸ ಫಿಲ್ಟರಿಗೆ ಗ್ರೀಸು, ಧೂಳು ಎರಡೂ ಬಳಿದು ಹಳೆಯದು ಮಾಡಿ ಕೂರಿಸಿದ.

ಅಲ್ಲಿಂದ ಶುರುವಾಯಿತು. ಮಾವ ಅಮಾವಾಸ್ಯೆಗೆ ಹಾಕಿದ ಆಯಿಲ್ ಮಾರನೆಯ ದಿನ ಮಾರುತೇಶನಲ್ಲಿ ಇಳಿಯುತ್ತಿತ್ತು, ಸರಿಯಾದದ್ದು ಒಳಗೆ ಹೋಗುತ್ತಿತ್ತು. ಇಳಿದದ್ದನ್ನು ಮಾರುತೇಶ ಟ್ರ್ಯಾಕ್ಟರಿನವರಿಗೆ ಕೊಟ್ಟು ಇವಳಿಗೆ ಮುನ್ನೂರು ಬಿಡುತ್ತಿದ್ದ. ಉಳಿದದ್ದಕ್ಕೆ ರಮ್ಯಾ ಸೀರೆಗೆ ಕುಚ್ಚು ಹಾಕಿದಳು. ಸಂಜೆ ಸ್ಕೂಲು ಬಿಡುವ ಒಂದು ತಾಸು ಮೊದಲೇ ಹೋಗಿ, ಗಾಡಿಯಲ್ಲೇ ಕೂತು, ಪೇಟೆಯ ಹೆಂಗಸರ ಸೀರೆಯ ಸೆರಗು ಸ್ಟೇರಿಂಗಿಗೆ ಕಟ್ಟಿಕೊಂಡು ದಾರ ಹೆಣೆಯುತ್ತಿದ್ದಳು. ಶಿವಗಂಗಾಳಿಗೆ ಗ್ಯಾರೇಜಿನ ಪಕ್ಕದಂಗಡಿಯ ಬನ್ನು, ಮೇಲೊಂದು ಎಚ್ಚರಿಕೆ. "ಅಜ್ಜನ ಹತ್ರ ಹೇಳ್ಬ್ಯಾಡ."

ನಾವು ಯಾರಿಗೂ ತೊಂದರೆ ಕೊಡದ ಸುಳ್ಳು ಎಂದುಕೊಳ್ಳುತ್ತೇವಲ್ಲ, ಅಂಥದ್ದು ಇದು. ಗಾಡಿ ಚೆನ್ನಾಗಿತ್ತು, ಮಕ್ಕಳು ಕ್ಷೇಮ, ಮಾವ ಖುಷಿ. ಮಾವ ಆಯಿಲ್ ಇಳಿಸಿದಾಗಲೆಲ್ಲ ಅದು ಕಪ್ಪಾಗಿರುತ್ತಿರಲಿಲ್ಲ. "ನೋಡೇ ವೀರಾ, ನನ್ನ ಫಿಲ್ಟರು! ಅದೇ ಡಬ್ಬಿ, ಎರಡು ವರ್ಷದಿಂದ!" ಎಂದು ಹೆಂಡತಿಯ ಮೂಗಿನ ತನಕ ಹಿಡಿಯುತ್ತಿದ್ದರು. ಆಮೇಲೆ ಮೂರು ಅಮಾವಾಸ್ಯೆ ಐದಾಯಿತು. ರಮ್ಯಾ ನಡುವೆ ಇನ್ನೊಂದು ಸಲ ಮಾರುತೇಶನಲ್ಲಿಗೆ ಹೋಗಿ ಬಂದಳು, ಇನ್ನೂ ಎರಡು ಸೀರೆ ಜಾಸ್ತಿ ಹಿಡಿದಳು.

ದೀಪಾವಳಿ ಅಮಾವಾಸ್ಯೆಗೆ ಮಗಳು ಕಾವ್ಯ, ಅಳಿಯ ತಿಪ್ಪೇಶ್ ಹೊಳಲ್ಕೆರೆಯಿಂದ ಬಂದರು. ಅವರದ್ದೂ ಓಮ್ನಿಯೇ. ತಿಪ್ಪೇಶ್ ಹೊಳಲ್ಕೆರೆಯ ಒಂದು ಬೇಕರಿಯ ಬನ್ನು ಬ್ರೆಡ್ಡು ತುಂಬಿಕೊಂಡು ಹಳ್ಳಿ ಅಂಗಡಿಗಳಿಗೆ ಹಾಕುತ್ತಿದ್ದ. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಟ.

ಅಂಗಳದಲ್ಲಿ ಚಾಪೆ ಹಾಸಿ, ಬನಿಯನ್ನಿನಲ್ಲಿ ಗಾಡಿಯ ಕೆಳಗೆ ಮಲಗಿದ್ದ ಶಿವಕುಮಾರಪ್ಪನವರು ಬಾಂಡ್ಲಿ ಹೊರಗೆ ತಳ್ಳಿದರು.

"ಅಳಿಯಂದ್ರೇ, ಬರ್ರಿ ಇಲ್ಲಿ. ಮುಟ್ಟಿ ನೋಡ್ರಿ. ಐದು ಅಮಾವಾಸ್ಯೆ ಓಡಿರೋ ಆಯಿಲ್ ಇದು."

ತಿಪ್ಪೇಶ್ ಎರಡು ಬೆರಳಲ್ಲಿ ತಿಕ್ಕಿ ನೋಡಿದ. "ಅಬ್ಬಾ! ಟೀ ಬಣ್ಣ ಐತಲ್ಲ ಮಾವ. ನಮ್ದು ಎರಡು ತಿಂಗಳಿಗೇ ಕಾಡಿಗೆ ಆಗ್ತೈತೆ."

"ಎಷ್ಟು ಕೊಡ್ತೀರಿ ಗ್ಯಾರೇಜಿಗೆ?"

"ಒಂದೊಂದು ಸಲ ಸಾವಿರದ ಐನೂರು."

"ಶಿವ ಶಿವಾ! ಹಾಡಹಗಲ ದರೋಡೆ. ಗಾಡಿ ಇಲ್ಲಿಗೆ ತಿರುಗಿಸ್ರಿ. ಇವತ್ತೇ ಮಾಡಾಣ. ಇನ್ನು ಐದು ಅಮಾವಾಸ್ಯೆ ನೀವು ಸೀಟು ಎತ್ತಿ ಇಂಜಿನ್ ನೋಡಂಗಿಲ್ಲ."

ಹೊಸ್ತಿಲಲ್ಲಿ ನಿಂತಿದ್ದ ರಮ್ಯಾಳ ಕೈಯಲ್ಲಿ ಹಿಟ್ಟಿನ ತಟ್ಟೆಯಿತ್ತು. ಈಗ ಹೇಳಬೇಕು ಅನ್ನಿಸಿತು. ಬಾಯಿ ತೆರೆದಳು.

"ಮಾವ, ತಿಪ್ಪೇಶಣ್ಣನ ಗಾಡಿ ಜಾಸ್ತಿ ಓಡ್ತೈತಲ್ವಾ?"

"ಓಡಿದ್ರೇನು? ನಿನ್ನದೇನು ಮನೇಲಿ ಮಲಗಿರ್ತೈತಾ? ನಿನ್ನ ಗಾಡೀನೇ ಸಾಕ್ಷಿ ಕಣಮ್ಮ," ಎಂದು ಅವರು ನಕ್ಕರು. ಮಾತಿನಲ್ಲಿ ಪ್ರೀತಿಯೇ ಇತ್ತು. ಅವಳು ಒಳಗೆ ಹೋದಳು.

ಒಲೆಯ ಮುಂದೆ ಕಾವ್ಯ ಹೋಳಿಗೆ ತಟ್ಟುತ್ತಿದ್ದಳು. ರಮ್ಯಾ ದನಿ ಇಳಿಸಿ ಹೇಳಿದಳು. "ಕಾವ್ಯಾ, ಊರಿಗೆ ಹೋದ್ಮ್ಯಾಲೆ ಫಿಲ್ಟರ್ ಒಂದು ಹೊಸದು ಹಾಕ್ಸಿಬಿಡು. ತಿಪ್ಪೇಶಣ್ಣಂಗೆ ಹೇಳು."

"ಯಾಕೆ ಅತ್ತಿಗೆ? ಅಪ್ಪನ ಕೈಗುಣ ನಿಮಗೆ ಗೊತ್ತಿಲ್ವಾ? ನಿಮ್ಮ ಗಾಡಿ ಹೆಂಗೈತೆ ನೋಡ್ರಿ."

"ಹೆಂಗಾದ್ರೂ ಆಗ್ಲಿ, ಹಾಕ್ಸು."

"ಅಪ್ಪಂಗೆ ಗೊತ್ತಾದ್ರೆ ಬೇಜಾರು ಮಾಡ್ಕಳ್ತಾನೆ. ಬ್ಯಾಡ ಬಿಡ್ರಿ," ಎಂದಳು ಕಾವ್ಯ.

ರಮ್ಯಾಳೂ ಅದೇ ಭಯಕ್ಕೆ ಎರಡು ವರ್ಷ ಬಾಯಿ ಹೊಲಿದುಕೊಂಡವಳು. ಹೋಳಿಗೆ ಮಗುಚಿದಳು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಬೆಳಗಿನ ತಿಂಡಿ ಹೊತ್ತಿಗೆ ತಿಪ್ಪೇಶನ ಫೋನು ಬಂತು. ಶಿವಕುಮಾರಪ್ಪನವರು ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುವುದು.

"ಮಾವ, ಆಯಿಲ್ ದೀಪ ಹತ್ತುತೈತೆ. ಗ್ಯಾರೇಜಿಗೆ ತೋರಿಸ್ಲಾ?"

"ಯಾಕ್ರೀ? ವೈರ್ ಲೂಸ್ ಇರ್ತೈತೆ. ರಮ್ಯಾ ಗಾಡೀಲೂ ಹತ್ತಿತ್ತು. ಏನಮ್ಮಾ, ಆಮ್ಯಾಲೆ ತಾನೇ ಸರಿಹೋಯ್ತಲ್ಲ?"

ರಮ್ಯಾಳ ಕೈಯಲ್ಲಿ ಶಿವಗಂಗಾಳ ಟಿಫಿನ್ ಡಬ್ಬಿ. ಹೊರಗೆ ಏಳೂವರೆ ದಾಟಿತ್ತು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಹೂಂ ಮಾವ," ಎಂದಳು ರಮ್ಯಾ. "ಸರಿಹೋಯ್ತು."

ಅವತ್ತು ಶಿವಗಂಗಾ ಸ್ಕೂಲಿನ ಗೇಟಿನಲ್ಲಿ ಇಳಿಯುವಾಗ ಕೇಳಿದಳು. "ಅಮ್ಮ, ಅತ್ತೆ ಗಾಡಿಗೂ ಮಾರುತೇಶ್ ಮಾಮ ಹಾಕ್ತಾರಾ?"

"ಹೋಗು, ಬೆಲ್ ಹೊಡೀತೈತೆ."

ಶಿವರಾತ್ರಿಗೆ ಎಂಟು ದಿನವಿರುವಾಗ, ಚಿತ್ರದುರ್ಗದ ರಸ್ತೆಯಲ್ಲಿ, ತಿಪ್ಪೇಶನ ಗಾಡಿ ಕಟಕಟ ಸದ್ದು ಮಾಡಿ ಅಲ್ಲಾಡದೆ ನಿಂತಿತು. ಎಳೆದುಕೊಂಡು ಹೋಗಿ ಚಿತ್ರದುರ್ಗದ ಗ್ಯಾರೇಜಿನಲ್ಲಿ ಬಿಚ್ಚಿದರೆ ಒಳಗಿದ್ದದ್ದು ಆಯಿಲ್ ಅಲ್ಲ, ಡಾಂಬರು. ಇಂಜಿನ್ ಪೂರ್ತಿ ಕಟ್ಟಬೇಕು, ನಲವತ್ತೈದು ಸಾವಿರ, ಒಂದು ತಿಂಗಳು ಎಂದರು. ಬೇಕರಿಯ ಸಾಹುಕಾರ ಒಂದು ವಾರ ಕಾಯುತ್ತೇನೆ, ಸೋಮವಾರ ಗಾಡಿ ಬರದಿದ್ದರೆ ಬನ್ನು ಹಾಕುವ ಲೈನು ಬೇರೆಯವರಿಗೆ ಎಂದ.

ಮೂರನೇ ದಿನ ಕಾವ್ಯ ಒಂದು ಬ್ಯಾಗು ಹಿಡಿದು ತವರಿಗೆ ಬಂದಳು. ಮುಖ ಊದಿಕೊಂಡಿತ್ತು.

"ತಿಪ್ಪೇಶ ಕಳಿಸಿದ್ನಾ?" ಎಂದರು ವೀರಮ್ಮ.

"ಅವರೇನೂ ಕಳಿಸ್ಲಿಲ್ಲ. ನಾನೇ ಬಂದೆ. ಅವರಮ್ಮ ಮುದ್ದೆ ಬಡಿಸೋವಾಗಲೂ 'ನಿಮ್ಮಪ್ಪನ ಆಯಿಲ್' ಅಂತಾರೆ. ಸಾರಿಗೆ ಎಣ್ಣೆ ಹಾಕಿದ್ರೂ 'ನಿಮ್ಮಪ್ಪನ ಆಯಿಲ್ಲಾ ಇದು?' ಅಂತಾರೆ. ಎಷ್ಟಂತ ಕೇಳ್ಲಿ?"

ಶಿವಕುಮಾರಪ್ಪನವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಅಂಥಾ ಮಾತು ಯಾಕೆ? ಅದೇ ಕೈ, ಅದೇ ಬಕೆಟ್ಟು, ಅದೇ ಫಿಲ್ಟರು. ರಮ್ಯಾ ಗಾಡಿ ಓಡ್ತಿಲ್ವಾ? ನಿನ್ನ ಗಂಡ ಗಾಡಿ ಹೊಡೆಯೋದೇ ಹಂಗೆ, ಎರಡನೇ ಗೇರಲ್ಲಿ ಅರಚಾಡಿಸ್ತಾನೆ. ಆಯಿಲ್ ಲೀಕ್ ಆಗಿರ್ತೈತೆ, ನೋಡ್ಕಂಡಿರಲ್ಲ. ತಪ್ಪು ಅವನದು."

ಆ ವಾರವಿಡೀ ಮನೆಯಲ್ಲಿ ಇದೇ ಮಾತು. ಕಾವ್ಯ ಗಂಡನಿಗೆ ಫೋನು ಮಾಡುವಳು, "ಅಪ್ಪ ಹೇಳೋದ್ರಲ್ಲಿ ಏನು ತಪ್ಪೈತೆ? ಅತ್ತಿಗೆ ಗಾಡಿ ಹೆಂಗೈತೆ?" ಎನ್ನುವಳು, ಆ ಕಡೆಯಿಂದ ಕೂಗಾಟ ಕೇಳುತ್ತಿತ್ತು, ಇವಳು ಅಳುತ್ತ ಇಡುವಳು. ವೀರಮ್ಮ ಅಳಿಯನನ್ನು ಶಪಿಸುತ್ತ ರೊಟ್ಟಿ ಬಡಿಯುವರು. ದಯಾನಂದ ಅಂಗಡಿಯಿಂದ ಬಂದು, ಉಂಡು, ಟೀವಿ ಜೋರು ಮಾಡುವನು. ಮನೆಯಲ್ಲಿ ಆಡುವ ಒಂದೊಂದು ಮಾತೂ ರಮ್ಯಾಳ ಗಾಡಿಯ ಮೇಲೇ ನಿಂತಿತ್ತು.

ಶನಿವಾರ ಮಾರುತೇಶನಿಗೆ ಎಲ್ಲ ಹೇಳಿದಳು.

"ಹೇಳಿದ್ರೆ ನಿಮ್ಮ ಗಾಡಿ ಹೋಗ್ತೈತೆ ಅಕ್ಕಾ. ನಾಳೆಯಿಂದ ನೀವು ಮನೇಲೇ," ಎಂದ ಅವನು, ಕೈ ಒರೆಸಿಕೊಳ್ಳುತ್ತ.

"ಹೇಳ್ದಿದ್ರೆ?"

"ಹೇಳ್ದಿದ್ರೆ ನಿಮ್ಮ ನಾದಿನಿ ಮನೇಲೇ. ತವರು ಮನೇಲಿ."

ಭಾನುವಾರ ತಿಪ್ಪೇಶ್ ತಾನೇ ಬಂದ. ಜಗಳಕ್ಕೆ ಬಂದವನಲ್ಲ ಪಾಪ, ಕೈಯಲ್ಲಿ ಶಿವಗಂಗಾಳಿಗೆ ಬೆಣ್ಣೆ ಬಿಸ್ಕತ್ತಿನ ಪ್ಯಾಕೆಟ್ಟಿತ್ತು. ವೀರಮ್ಮ ಬಿಗಿದುಕೊಂಡೇ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು.

"ಮಾವ, ನಡೆದದ್ದು ನಡೆದೋಯ್ತು. ಅರ್ಧ ದುಡ್ಡು ನಾನು ಹಾಕ್ತೀನಿ, ಅರ್ಧ ನೀವು ಹಾಕ್ರಿ. ನಾಳೆಯಿಂದ ಬಾಡಿಗೆ ಗಾಡಿ ನೋಡ್ತೀನಿ," ಎಂದ.

ಶಿವಕುಮಾರಪ್ಪನವರಿಗೆ ದುಡ್ಡಿನ ಮಾತಿಗಿಂತ, ತಪ್ಪು ತನ್ನದೆಂಬ ಮಾತು ತಾಗಿತು. ಎದ್ದರು. "ಬರ್ರಿ ಹೊರಗೆ," ಎಂದರು.

ಅಂಗಳದ ಓಮ್ನಿಯ ಮುಂದಿನ ಸೀಟು ಎತ್ತಿ, ಆಯಿಲ್ ಕಡ್ಡಿ ಎಳೆದು, ಬಿಳಿ ಬಟ್ಟೆಯ ಮೇಲೆ ಒರೆಸಿ ತಿಪ್ಪೇಶನ ಮುಖದ ಮುಂದೆ ಹಿಡಿದರು. ಮನೆಮಂದಿಯೆಲ್ಲ ಹೊರಗೆ ಬಂದಿದ್ದರು.

"ನೋಡ್ರಿ. ದೀಪಾವಳಿಗೆ ಎರಡೂ ಗಾಡಿಗೆ ಒಂದೇ ದಿನ ಹಾಕಿದ್ದು. ಇದು ಹೆಂಗೈತೆ? ಹೇಳ್ರಿ, ಹೆಂಗೈತೆ?"

"ಚೆನ್ನಾಗೈತೆ," ಎಂದ ತಿಪ್ಪೇಶ್ ತಲೆ ತಗ್ಗಿಸಿ.

"ಹಂಗಾದ್ರೆ ತಪ್ಪು ಯಾರದು?"

"ಒಪ್ಕಂಡುಬಿಡ್ರಿ," ಎಂದಳು ಕಾವ್ಯ ಗಂಡನಿಗೆ. "ನೋಡ್ಕಳ್ಲಿಲ್ಲ ಅಂತ ಒಂದ್ ಮಾತು ಹೇಳ್ರಿ, ಮುಗೀತೈತೆ."

ತಿಪ್ಪೇಶನ ಮುಖ ಕಪ್ಪಿಟ್ಟಿತು. "ನಾನು ದೀಪ ಹತ್ತಿದ ದಿನವೇ ಫೋನ್ ಮಾಡಿದ್ದೆ ಕಣೇ. ಮಾಡಿರ್ಲಿಲ್ವಾ? ಈಗ ಎಲ್ಲಾರೂ ಸೇರಿ ನನ್ನನ್ನ ಸುಳ್ಳ ಮಾಡ್ತೀರಾ? ಆಗ್ಲಿ. ನಿಮ್ಮಪ್ಪನೇ ಸರಿ ಅಂತಿದ್ರೆ ನಿಮ್ಮಪ್ಪನ ಮನೇಲೇ ಇರು."

ಅವನು ಗೇಟಿನ ಚಿಲಕಕ್ಕೆ ಕೈ ಹಾಕಿದ. ಕಾವ್ಯ ಗೋಡೆಗೆ ಆತುಕೊಂಡು ನಿಂತಳು, ಅಳಲೂ ಇಲ್ಲ. ಆ ನಿಲುವನ್ನು ರಮ್ಯಾ ಕಂಡಳು. ಇನ್ನು ಆಗಲಿಲ್ಲ ಅವಳಿಂದ.

"ತಿಪ್ಪೇಶಣ್ಣ, ನಿಲ್ರಿ. ಮಾವ, ಆ ಆಯಿಲ್ ನೀವು ಹಾಕಿದ್ದಲ್ಲ."

ಶಿವಕುಮಾರಪ್ಪನವರು ಕಡ್ಡಿ ಹಿಡಿದೇ ತಿರುಗಿದರು.

"ಹೊಸದುರ್ಗದಾಗೆ ಮಾರುತೇಶ ಅಂತ ಇದ್ದಾನೆ. ನೀವು ಹಾಕಿದ ಮಾರನೇ ದಿನ ಅವನು ತೆಗೆದು ಬೇರೆ ಹಾಕ್ತಾನೆ. ಫಿಲ್ಟರೂ ಹೊಸದು. ನೀವು ತೊಳೆದು ಇಟ್ಕಂಡಿದ್ದು ಯಾವುದೂ ಹಳೇದಲ್ಲ ಮಾವ. ನಾನೇ ಧೂಳು ಬಳಿಸ್ತಿದ್ದೆ."

"ಎಷ್ಟು ಸಲ?" ಎಂದರು ಮಾವ.

"ಎಂಟು."

"ಎಂಟು," ಎಂದರು ಅವರು. ಆಮೇಲೆ ಕಡ್ಡಿಯನ್ನು ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ ಮತ್ತೆ ಒಳಗೆ ಹಾಕಿದರು, ಸೀಟು ಮುಚ್ಚಿದರು. "ನಾನು ಡಿಪೋದವರಿಗೆಲ್ಲ ಹೇಳ್ಕಂಡು ಬಂದೀನಿ. ನನ್ನ ಜತೆ ಕೆಲಸ ಮಾಡಿದೋರು ಟೀ ಕೊಡಿಸಿದ್ರು."

ಮೆಟ್ಟಿಲ ಮೇಲೆ ಕೂತಿದ್ದ ಶಿವಗಂಗಾ ಎದ್ದು ನಿಂತು, "ನನಗೂ ಗೊತ್ತಿತ್ತು ಅಜ್ಜ," ಎಂದಳು. ತಾಯಿಯನ್ನು ಒಬ್ಬಳನ್ನೇ ಬಿಡಬಾರದೆಂದು ಹೇಳಿದಳೋ ಏನೋ. ಶಿವಕುಮಾರಪ್ಪನವರು ಮೊಮ್ಮಗಳನ್ನು ನೋಡಿ, ಅಲ್ಲೇ ಇದ್ದ ಬೋಗುಣಿಯ ನೀರಿನಲ್ಲಿ ಕೈ ತೊ‍ಳೆಯಲು ಕೂತರು. ಬಹಳ ಹೊತ್ತು ತೊಳೆದರು.

"ದುಡ್ಡು ಎಲ್ಲಿಂದ ಬಂತು ನಿನಗೆ?" ಎಂದ ದಯಾನಂದ. ಅವನಿಗೆ ಸಿಕ್ಕಿದ್ದು ಅದೊಂದೇ ಪ್ರಶ್ನೆ.

"ಕುಚ್ಚು ಹಾಕಿ."

"ನನಗೆ ಒಂದ್ ಮಾತು ಹೇಳಲಿಲ್ಲ!"

"ಹೇಳಿದ್ರೆ ಏನ್ ಮಾಡ್ತಿದ್ರಿ? ಅಪ್ಪನ್ನ ಕೇಳ್ತೀನಿ ಅಂತಿದ್ರಿ."

ವೀರಮ್ಮ ಈಗ ಮುಂದೆ ಬಂದರು. "ನೋಡೇ, ನನಗೆ ಇಂಜಿನ್ನು ಗಿಂಜಿನ್ನು ತಿಳಿಯಲ್ಲ. ಎರಡು ವರ್ಷದ ಹಿಂದೆ ನಿನ್ನ ಗಾಡಿ ಕೆಟ್ಟು ನಿಂತಿದ್ರೆ ಈ ಮುದುಕ ಅವತ್ತೇ ಬುದ್ಧಿ ಕಲೀತಿದ್ದ. ನನ್ನ ಮಗಳ ಗಾಡಿ ಉಳೀತಿತ್ತು. ನಿನ್ನ ಗಾಡಿ ಉಳಿಸ್ಕಳಾಕೆ ನೀನು ಅವಳದ್ದು ಕೆಡಿಸ್ದೆ. ಹೌದೋ ಅಲ್ಲವೋ ಹೇಳು."

ಎಂಥ ಮಾತು! ಅಷ್ಟೂ ಅನ್ಯಾಯ, ಆದರೆ ಅಷ್ಟೂ ಸುಳ್ಳಲ್ಲ. ಹೊಳಲ್ಕೆರೆಯ ಫೋನಿಗೆ "ಸರಿಹೋಯ್ತು" ಎಂದವಳು ತಾನೇ ಅಲ್ಲವೇ?

"ಬಿಡ್ರಿ ಅತ್ತೆ," ಎಂದ ತಿಪ್ಪೇಶ್. ಅವನ ಸಿಟ್ಟು ಇಳಿದುಹೋಗಿತ್ತು. ತಪ್ಪು ತನ್ನದಲ್ಲ ಎಂದು ಗೊತ್ತಾದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಔದಾರ್ಯ ಬರುತ್ತದೆ. "ಅತ್ತಿಗೆ ಹೇಳಿದ್ರಲ್ಲ, ಅಷ್ಟು ಸಾಕು. ಬಾ ಕಾವ್ಯ, ಹೋಗಾಣ."

"ನಡಕಂಡು ಹೋಗ್ತೀರಾ?" ಎಂದರು ಶಿವಕುಮಾರಪ್ಪನವರು ಕೈ ಒರೆಸಿಕೊಳ್ಳುತ್ತ. "ಕೂತ್ಕಳ್ರಿ. ನಿಮ್ಮ ಗಾಡಿ ಕೆಡಿಸಿದ್ದು ನನ್ನ ಕೈ. ಈ ಗಾಡಿ ತಗಂಡು ಹೋಗ್ರಿ. ನಾಳೆ ನಿಮ್ಮ ಲೈನು ತಪ್ಪಬಾರದು. ಕೆಟ್ಟಿರೋದನ್ನ ಇಲ್ಲಿಗೆ ಎಳಸ್ತೀನಿ, ನಾನೇ ಬಿಚ್ಚಿ ಕಟ್ತೀನಿ."

ರಮ್ಯಾ ಅವರ ಮುಂದೆ ಬಂದಳು. "ಮಾವ, ಮಕ್ಕಳ ಪರೀಕ್ಷೆ ಅವೆ. ಮಾರ್ಚ್ ಮುಗಿಯೋ ತನಕ ಆದ್ರೂ..."

"ಅವನ ಲೈನು ಸೋಮವಾರ ಐತೆ."

"ನನ್ನದೂ ಸೋಮವಾರಾನೇ ಮಾವ. ಹನ್ನೊಂದು ಮಕ್ಕಳು."

"ಅವನು ಸಂಸಾರ ಸಾಕಬೇಕಾದೋನು ಕಣೇ," ಎಂದರು ವೀರಮ್ಮ. "ನಿನಗೆ ಗಂಡ ಇಲ್ವಾ, ದುಡಿಯಾಕೆ? ಹೊರಗೆ ಹೋಗ್ಲೇಬೇಕು ಅಂದ್ರೆ ಹೆಂಗಸರಿಗೆ ಬಸ್ಸು ಫ್ರೀ ಐತೆ. ಶಿವಗಂಗಾನ್ನ ಇಲ್ಲೇ ಊರ ಸ್ಕೂಲಿಗೆ ಹಾಕಿದ್ರಾಯ್ತು."

"ಎಷ್ಟು ದಿನ ಮಾವ? ಇಂಜಿನ್ ಕಟ್ಟಾಕೆ?"

"ಸಾಮಾನು ತರಬೇಕು. ದುಡ್ಡು ಕೂಡಬೇಕು. ಆದಾಗ ಆಗ್ತೈತೆ," ಎಂದರು ಮಾವ. ನಲವತ್ತೈದು ಸಾವಿರ ಕೂಡಿಬರುವುದು ಯಾವ ಕಾಲಕ್ಕೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದಯಾನಂದ ಏನಾದರೂ ಅನ್ನುತ್ತಾನೇನೋ ಎಂದು ರಮ್ಯಾ ಅವನ ಕಡೆ ನೋಡಿದಳು. ಅವನು ಚಪ್ಪಲಿ ನೋಡುತ್ತಿದ್ದ.

ರಮ್ಯಾ ತಾನೇ ಗಾಡಿ ಖಾಲಿ ಮಾಡಿದಳು. ಒಂದು ನೀರಿನ ಬಾಟಲಿ, ಯಾರದೋ ಸ್ವೆಟರು, ಅರ್ಧ ಕುಚ್ಚು ಹಾಕಿದ ಹಸಿರು ಸೀರೆ. ಕಾವ್ಯ ಹತ್ತಿರ ಬಂದು ಕೈ ಹಿಡಿದುಕೊಂಡಳು. "ನನ್ನಿಂದ ಹಿಂಗಾಯ್ತು ಅತ್ತಿಗೆ."

"ನಿನ್ನಿಂದ ಏನೂ ಆಗಿಲ್ಲ. ಮೂರು ಸಾವಿರದ ಐನೂರು ಕಿಲೋಮೀಟರಿಗೊಮ್ಮೆ ಬದಲಾಯಿಸ್ರಿ. ಕ್ಯಾಲೆಂಡರ್ ನೋಡ್ಬ್ಯಾಡ್ರಿ," ಎಂದಳು ರಮ್ಯಾ. ದನಿ ಗಟ್ಟಿಯಾಗೇ ಇತ್ತು, ಹೇಗೋ.

ಗಾಡಿ ಮತ್ತೋಡಿನ ತಿರುವು ದಾಟುವವರೆಗೆ ಎಲ್ಲರೂ ಬೀದಿಯಲ್ಲಿ ನಿಂತಿದ್ದರು. ತಿಪ್ಪೇಶ್ ಎರಡನೇ ಗೇರಿನಲ್ಲಿ ಬಹಳ ದೂರ ಎಳೆದ. ಮಾವನ ಆ ಮಾತಾದರೂ ನಿಜವಾಗಿತ್ತು. ವೀರಮ್ಮ, ದಯಾನಂದ ಒಳಗೆ ಹೋದರು. ಶಿವಕುಮಾರಪ್ಪನವರು ಜಗಲಿಯ ಮೇಲೆ ಕೂತರು. ಒಂದೇ ಗಂಟೆಯಲ್ಲಿ ಹತ್ತು ವರ್ಷ ಮುದುಕರಾದಂತೆ ಕಂಡರು. ರಮ್ಯಾ ತನಗೆ ಅವರ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಗೇರು ಹಿಡಿಯಲು ಕಲಿಸಿದ ಕೈ ಅದು. ಸಿಟ್ಟು ಸರಿಯಾಗಿ ಬರಲಿಲ್ಲ.

"ಮೊದ್ಲೇ ಹೇಳಬಹುದಿತ್ತಲ್ಲಮ್ಮ," ಎಂದರು ಅವರು. "ಮಾವ, ಇದು ತಪ್ಪು ಅಂತ ಒಂದು ಮಾತು. ನಾನೇನು ಹುಲಿನಾ?"

"ಹೇಳಿದ್ರೆ ನನಗೆ ಗಾಡಿ ಬಿಡಿಸ್ತಿದ್ರಿ ಮಾವ."

ಶಿವಕುಮಾರಪ್ಪನವರು ಯೋಚನೆ ಮಾಡಿದರು. ನಿಜವಾಗಿಯೂ ಕೂತು ಯೋಚನೆ ಮಾಡಿದರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ.

"ಹೌದು," ಎಂದರು. "ಬಿಡಿಸ್ತಿದ್ದೆ."

ರಮ್ಯಾಳ ಫೋನು ಹೊಡೆದುಕೊಂಡಿತು. ಪಕ್ಕದ ಹಳ್ಳಿಯ ಒಂದು ಮಗುವಿನ ತಾಯಿ. ನಾಳೆ ಕನ್ನಡ ಪರೀಕ್ಷೆ, ಹತ್ತು ನಿಮಿಷ ಮುಂಚೆ ಬರಲು ಆಗುತ್ತದಾ ಎಂದು ಕೇಳಲಿಕ್ಕೇ ಇರಬೇಕು. ರಮ್ಯಾ ಫೋನು ಕೈಯಲ್ಲಿ ಹಿಡಿದು ಹೆಸರು ನೋಡುತ್ತ ನಿಂತಳು. ಅದು ಹೊಡೆದು ಹೊಡೆದು ನಿಂತಿತು, ಮತ್ತೆ ಶುರುವಾಯಿತು.

"ರಮ್ಯಾ, ಎಸರು ಕುದೀತೈತೆ. ಮುದ್ದೆಗೆ ಹಿಟ್ಟು ಹಾಕು ಬಾ," ಎಂದು ವೀರಮ್ಮ ಒಳಗಿನಿಂದ ಕೂಗಿದರು.

"ಬಂದೆ ಅತ್ತೆ," ಎಂದಳು ರಮ್ಯಾ.